ಡಾಕ್ಟರ್ ಆಗಲು ಎರಡನೇ ಡಿಗ್ರಿ: ಸೇರುವ ಮೊದಲು ಇಷ್ಟು ನೋಡಿ

ಜೂನ್ ತಿಂಗಳಲ್ಲಿ ಮೆಡಿಕಲ್ ಸೀಟಿನ ಪ್ರವೇಶ ಪರೀಕ್ಷೆ ನೀಟ್‌ನ ಫಲಿತಾಂಶ ಬಂದ ವಾರ ನಮ್ಮ ಉರ್ವದ ಮನೆಯ ಜಗಲಿಯಲ್ಲಿ ದಿನಾ ಎರಡು ಮೂರು ಒದ್ದೆ ಕೊಡೆ ಇದ್ದೇ ಇರುತ್ತವೆ. ನಾನು ಮಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ 24 ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಹಳೆ ವಿದ್ಯಾರ್ಥಿಗಳು ಬರುತ್ತಾರೆ, ಅವರ ತಮ್ಮ ತಂಗಿಯರು ಬರುತ್ತಾರೆ, ಪಕ್ಕದ ಮನೆಯವರ ನೆಂಟರೂ ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು. "ಮೇಡಂ, ಒಂದು ಡಿಗ್ರಿ ಆಯ್ತು. ಆದರೂ ಡಾಕ್ಟರ್ ಆಗುವ ಆಸೆ ಹೋಗಲಿಲ್ಲ. ಮೆಡಿಕಲ್ ಸೀಟು ಸಿಗಬೇಕಾದರೆ ಈಗ ಯಾವ ಡಿಗ್ರಿ ಸೇರುವುದು?"

ಈ ವರ್ಷ ಹಾಗೆ ಬಂದವನು ಕಿನ್ನಿಗೋಳಿ ಕಡೆಯ ಹುಡುಗ. ವಯಸ್ಸು 26. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದಾನೆ. ಅಪ್ಪನಿಗೆ ಹುಷಾರಿಲ್ಲದಾಗ ಎರಡು ತಿಂಗಳು ಆಸ್ಪತ್ರೆಯ ವಾರ್ಡಿನಲ್ಲಿ ಕಳೆದನಂತೆ. ಆಗಿನಿಂದ ಈ ಆಸೆ. ಪ್ಲಾಸ್ಟಿಕ್ ಫೈಲಿನೊಳಗೆ ಬಿಎಸ್ಸಿ ಬಯೋಟೆಕ್ನಾಲಜಿಯ ಪ್ರಾಸ್ಪೆಕ್ಟಸ್ ಇಟ್ಟುಕೊಂಡು ಬಂದಿದ್ದ. ಮಾರನೇ ದಿನ ಫೀಸು ಕಟ್ಟುವವನು. ನಾನು, "ನಾಳೆ ಕಟ್ಟಬೇಡ ಮಾರಾಯಾ, ಮೊದಲು ಕೂತು ಮಾತಾಡುವ" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮುಖ್ಯವಾದದ್ದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಎಂಬಿಬಿಎಸ್ ಸೀಟಿಗೆ ಎರಡನೇ ಡಿಗ್ರಿಯಿಂದ ಒಂದು ಅಂಕವೂ ಜಾಸ್ತಿ ಸಿಗುವುದಿಲ್ಲ. ಬಿಎಸ್ಸಿಯಲ್ಲಿ ಚಿನ್ನದ ಪದಕ ಬಂದಿರಲಿ, ಕಷ್ಟಪಟ್ಟು ಪಾಸಾಗಿರಲಿ, ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಸೀಟು ಕೊಡುವುದು ನೀಟ್ ರ‍್ಯಾಂಕ್ ನೋಡಿ. ಪಿಯುಸಿ ಅಂಕ ಕೂಡ ಬರೀ ಬಾಗಿಲು ದಾಟುವುದಕ್ಕೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ 50 ಶೇಕಡಾ, ಮೀಸಲಾತಿ ಇರುವವರಿಗೆ 40 ಶೇಕಡಾ ಇದ್ದರೆ ಸಾಕು. ಆಮೇಲೆ ಲೆಕ್ಕಕ್ಕೆ ಬರುವುದು ಆ ಮೂರು ಗಂಟೆಯ ಪರೀಕ್ಷೆ ಮಾತ್ರ.

ಹಾಗಾದರೆ ಎರಡನೇ ಡಿಗ್ರಿ ಬೇಡವೇ ಬೇಡವಾ? ಕೆಲವರಿಗೆ ಬೇಕು. ಆದರೆ ಅದನ್ನು ಆರಿಸುವಾಗ "ಇದರಿಂದ ಸೀಟು ಸಿಗುತ್ತದಾ" ಅಂತ ಕೇಳಬಾರದು. "ಇದು ನನಗೆ ಓದಲು ಎಷ್ಟು ಹೊತ್ತು ಬಿಡುತ್ತದೆ, ಸೀಟು ಸಿಗದೇ ಹೋದರೆ ಇದೇ ಕೆಲಸದಲ್ಲಿ ಖುಷಿಯಾಗಿ ಇರುತ್ತೇನಾ" ಅಂತ ಕೇಳಬೇಕು. ಇದು ನನಗೆ ಗೊತ್ತಾದದ್ದು ಒಬ್ಬ ಹುಡುಗನ ಮೂರು ವರ್ಷ ಹಾಳಾದ ಮೇಲೆ.

ಒಂಬತ್ತು ಹತ್ತು ವರ್ಷದ ಹಿಂದಿನ ಮಾತು. ಮೂಲ್ಕಿಯ ಹುಡುಗ. ಪಿಯುಸಿಯಲ್ಲಿ ಸಯನ್ಸ್ ಓದಿ, ಮನೆಯವರ ಒತ್ತಾಯಕ್ಕೆ ಬಿಸಿಎ ಮುಗಿಸಿ, 21ನೇ ವಯಸ್ಸಿನಲ್ಲಿ ನನ್ನ ಹತ್ತಿರ ಬಂದ. ಮೆಡಿಕಲ್ ಮಾಡಬೇಕು ಅಂದ. ನಾನು ತುಂಬಾ ಧೈರ್ಯದಿಂದ ಹೇಳಿದೆ: "ಬಿಎಸ್ಸಿ ಸಿಬಿಝಡ್ ಸೇರು. ಕೆಮಿಸ್ಟ್ರಿ, ಬಾಟನಿ, ಝೂಆಲಜಿ ಮೂರೂ ಸಿಗುತ್ತದೆ. ಬೇಸ್ ಗಟ್ಟಿಯಾಗುತ್ತದೆ, ಜೊತೆಗೆ ನೀಟ್ ಬರಿ." ಅವನು ನನ್ನ ಮಾತು ನಂಬಿ ಸೇರಿದ.

ಅವನ ಪ್ರಾಕ್ಟಿಕಲ್ ರೆಕಾರ್ಡ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜಿರಳೆಯ ಬಾಯಿಯ ಭಾಗಗಳನ್ನು ಅವನಷ್ಟು ಚಂದ ಬಿಡಿಸಿದವರಿಲ್ಲ. ಪೆನ್ಸಿಲ್ ತುದಿಯನ್ನು ಸೂಜಿಯ ಹಾಗೆ ಚೂಪು ಮಾಡಿ, ಚುಕ್ಕಿ ಚುಕ್ಕಿ ಇಟ್ಟು ನೆರಳು ಕೊಡುತ್ತಿದ್ದ. ಒಂದು ಚಿತ್ರಕ್ಕೆ ಒಂದೂವರೆ ಗಂಟೆ. ನಾನು ಅದರ ಮೇಲೆ 'ಗುಡ್' ಅಂತ ಬರೆದು ಸಹಿ ಹಾಕುತ್ತಿದ್ದೆ. ಎರಡನೇ ವರ್ಷದ ಕೊನೆಗೆ ನೀಟ್ ಬರೆದು ಅಂಕಪಟ್ಟಿ ತಂದು ತೋರಿಸಿದ. ಬಯಾಲಜಿ ಪರವಾಗಿಲ್ಲ. ಫಿಸಿಕ್ಸ್ 180ಕ್ಕೆ 31.

ಆ ಅಂಕ ನೋಡಿದ ಮೇಲೆ ನನಗೆ ಹೊಳೆಯಿತು. ಸಿಬಿಝಡ್‌ನಲ್ಲಿ ಫಿಸಿಕ್ಸ್ ಇಲ್ಲವೇ ಇಲ್ಲ! ನೀಟ್‌ನ 720 ಅಂಕದಲ್ಲಿ 180 ಫಿಸಿಕ್ಸ್‌ನದು. ನಾನು ಅವನನ್ನು ಮೂರು ವರ್ಷ ಫಿಸಿಕ್ಸ್ ಮುಟ್ಟದ ಜಾಗಕ್ಕೆ ಕಳಿಸಿದ್ದೆ. ಬಯಾಲಜಿಯಲ್ಲಿ ಆದರೂ ದೊಡ್ಡ ಲಾಭ ಆಯಿತಾ ಅಂದರೆ ಅದೂ ಇಲ್ಲ. ನೀಟ್ ಕೇಳುವುದು 11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಸಾಲು ಸಾಲನ್ನು. ಡಿಗ್ರಿಯಲ್ಲಿ ನಾವು ಕಲಿಸುವುದು ಬೇರೆ ಆಳದ್ದು, ಬೇರೆ ರೀತಿಯದ್ದು. ಡಿಗ್ರಿ ಪರೀಕ್ಷೆಯಲ್ಲಿ ಎಂಟು ಅಂಕಕ್ಕೆ ಎರಡು ಪುಟ ಬರೆಯಬೇಕು. ನೀಟ್‌ನಲ್ಲಿ ಒಂದು ಪ್ರಶ್ನೆಗೆ ಸರಾಸರಿ ಒಂದು ನಿಮಿಷ. ಆ ಹುಡುಗನಿಗೆ ಸೀಟು ಸಿಗಲಿಲ್ಲ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ ಅವನು. ಆದರೆ ಅವತ್ತಿನಿಂದ ಯಾರಿಗೂ ನಾನು "ಬೇಸ್ ಗಟ್ಟಿಯಾಗುತ್ತದೆ" ಅಂತ ಹೇಳಿದ್ದಿಲ್ಲ.

ಈಗ ಯಾರೇ ಬಂದರೂ ನಾನು ಮೊದಲು ಕೊಡುವ ಕೆಲಸ ಒಂದು ಹಳೆ ಪ್ರಶ್ನೆಪತ್ರಿಕೆ. ಮನೆಯಲ್ಲಿ ಊಟದ ಮೇಜು ಖಾಲಿ ಮಾಡಿ, ಫೋನು ಅಮ್ಮನ ಕೈಯಲ್ಲಿ ಕೊಟ್ಟು, ಮಧ್ಯಾಹ್ನ 2ರಿಂದ 5ರವರೆಗೆ ಕೂತು ಬರೆಯಬೇಕು. ನಿಜವಾದ ಪರೀಕ್ಷೆ ನಡೆಯುವುದೂ ಮಧ್ಯಾಹ್ನವೇ. ಒಟ್ಟು 180 ಪ್ರಶ್ನೆ: ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90. ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಡಿತ. ಕನ್ನಡದಲ್ಲಿ ಓದಿದವರು ಕನ್ನಡದ ಪತ್ರಿಕೆಯನ್ನೇ ತೆಗೆದುಕೊಳ್ಳಬಹುದು, ಅದರಲ್ಲಿ ಇಂಗ್ಲಿಷೂ ಜೊತೆಗಿರುತ್ತದೆ. ಬರೆದ ಮೇಲೆ ಮೂರು ವಿಷಯದ ಅಂಕವನ್ನೂ ಬೇರೆ ಬೇರೆ ಬರೆದುಕೊಂಡು ಬನ್ನಿ. ಒಟ್ಟು ಅಂಕ ಒಂದನ್ನೇ ತಂದರೆ ನನಗೆ ಏನೂ ಹೇಳಲು ಬರುವುದಿಲ್ಲ.

ಆ ಮೂರು ಅಂಕ ನೋಡಿದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಬಯಾಲಜಿ ಚೆನ್ನಾಗಿದ್ದು ಫಿಸಿಕ್ಸ್ ಬಿದ್ದಿದ್ದರೆ, ನಿಮಗೆ ಬೇಕಾದ್ದು ಡಿಗ್ರಿ ಅಲ್ಲ, ಪಿಯು ಫಿಸಿಕ್ಸನ್ನು ಮೊದಲಿನಿಂದ ಕಲಿಸುವ ಒಬ್ಬ ಒಳ್ಳೆಯ ಮೇಷ್ಟ್ರು. ಮೂರೂ ಹತ್ತಿರ ಹತ್ತಿರ ಬಂದು ಸ್ವಲ್ಪದರಲ್ಲಿ ಸೀಟು ತಪ್ಪುವ ಹಾಗಿದ್ದರೆ, ಒಂದು ವರ್ಷ ಪೂರ್ತಿ ಓದಿಗೇ ಕೊಡಿ, ಯಾವ ಡಿಗ್ರಿಗೂ ಸೇರಬೇಡಿ. ಮೂರೂ ತುಂಬಾ ಕಡಿಮೆ ಇದ್ದರೆ ಡಿಗ್ರಿ ಸೇರುವುದೇ ಒಳ್ಳೆಯದು. ಆದರೆ ಆ ಡಿಗ್ರಿಯೇ ಇಷ್ಟವಾಗಿ ಸೇರಬೇಕು, ನೀಟ್‌ಗೋಸ್ಕರ ಅಲ್ಲ.

'ಹತ್ತಿರ' ಅಂದರೆ ಎಷ್ಟು ಅಂತ ಕೇಳುತ್ತಾರೆ. ಅಂಕ ನೋಡಿ ಹೇಳುವ ಹಾಗಿಲ್ಲ. 2024ರಲ್ಲಿ 720ಕ್ಕೆ 720 ತೆಗೆದವರೇ ಹಲವರಿದ್ದರು. 2025ರಲ್ಲಿ ಪೇಪರ್ ಕಷ್ಟವಾಗಿ ದೇಶಕ್ಕೇ ಮೊದಲು ಬಂದವರಿಗೆ 686. ಅದಕ್ಕೇ ನೀವು ಬರೆದ ಪತ್ರಿಕೆ ಯಾವ ವರ್ಷದ್ದೋ ಆ ವರ್ಷ ನಿಮ್ಮ ಅಂಕಕ್ಕೆ ಎಷ್ಟನೇ ರ‍್ಯಾಂಕ್ ಇತ್ತು ನೋಡಿ. ಆಮೇಲೆ ನಿಮ್ಮ ವರ್ಗದಲ್ಲಿ ಕೊನೆಯ ಸುತ್ತಿನಲ್ಲಿ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಹೋಯಿತು ಅನ್ನುವ ಪಟ್ಟಿ ಕೆಇಎ, ಅಂದರೆ ರಾಜ್ಯದ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಇರುತ್ತದೆ, ಅದರ ಪಕ್ಕ ಇಟ್ಟು ನೋಡಿ. 'ಕ್ವಾಲಿಫೈ ಆಯ್ತು' ಅನ್ನುವ ಮಾತಿಗೆ ಮರುಳಾಗಬೇಡಿ. 2025ರಲ್ಲಿ ಬರೆದವರು ಸುಮಾರು 22 ಲಕ್ಷ, ಕ್ವಾಲಿಫೈ ಆದವರು 12 ಲಕ್ಷಕ್ಕೂ ಜಾಸ್ತಿ. ಅಷ್ಟು ಸೀಟು ಎಲ್ಲಿದೆ?

ಇನ್ನೊಂದು ಮಾತು. ಅಣ್ಣನದೋ ಅಕ್ಕನದೋ ಹಳೆ ನೋಟ್ಸ್ ಹಿಡಿದು ಓದುವವರು ಸಿಲಬಸ್ ನೋಡಿಕೊಳ್ಳಿ. 2024ರ ಪರೀಕ್ಷೆಯಿಂದ ಸಿಲಬಸ್ ಕಡಿಮೆಯಾಗಿದೆ. ಬಯಾಲಜಿಯಲ್ಲಿ ಜೀರ್ಣಕ್ರಿಯೆಯ ಪಾಠ ಇಲ್ಲ, ಕೆಮಿಸ್ಟ್ರಿಯಲ್ಲಿ ಸಾಲಿಡ್ ಸ್ಟೇಟ್, ಪಾಲಿಮರ್ ಇಲ್ಲ. ಇಲ್ಲದ ಪಾಠಕ್ಕೆ ವಾರಗಟ್ಟಲೆ ಕೂತವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕಿನ್ನಿಗೋಳಿ ಹುಡುಗನ ತೊಂದರೆ ಬೇರೆ. ಅವನು ಪಿಯುಸಿಯಲ್ಲಿ ಬಯಾಲಜಿ ಬದಲು ಕಂಪ್ಯೂಟರ್ ಸಯನ್ಸ್ ತೆಗೆದುಕೊಂಡಿದ್ದ. ಬಯಾಲಜಿ ಇಲ್ಲದೆ ನೀಟ್ ಬರೆಯುವ ಹಾಗಿಲ್ಲ, ಹಾಗಾಗಿ ಬಯೋಟೆಕ್ನಾಲಜಿ ಡಿಗ್ರಿ ಮಾಡಿದರೆ ಆ ಕೊರತೆ ತುಂಬುತ್ತದೆ ಅಂತ ಯಾರೋ ಹೇಳಿದ್ದರಂತೆ. ಮೂರು ವರ್ಷ ಮತ್ತು ಅಷ್ಟೂ ಫೀಸು! ಅದು ಬೇಕಾಗಿಯೇ ಇಲ್ಲ. 2023ರ ನವೆಂಬರ್‌ನಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಒಂದು ಪ್ರಕಟಣೆ ಹೊರಡಿಸಿದೆ. 12ನೇ ತರಗತಿ ಪಾಸಾದ ಮೇಲೆ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೂ ನೀಟ್‌ಗೆ ಅರ್ಹರು. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಒಂದೇ ವಿಷಯಕ್ಕೂ ಸೇರಬಹುದು. ಅಲ್ಲಿ ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಹೊತ್ತಿಗೆ ಒಂದು, ಅಕ್ಟೋಬರ್ ಹೊತ್ತಿಗೆ ಒಂದು. ಪ್ರಾಕ್ಟಿಕಲ್ ಬಿಡಬಾರದು, ಅದರ ಅಂಕ ಮಾರ್ಕ್ಸ್ ಕಾರ್ಡಿನಲ್ಲಿ ಇರಲೇಬೇಕು. ಕೆಲಸ ಬಿಡದೆಯೇ ಮಾಡಬಹುದಾದ ದಾರಿ ಇದು. ಮೂರು ವರ್ಷದ ಡಿಗ್ರಿ ಮಾಡುವ ಕೆಲಸವನ್ನು ಒಂದು ವಿಷಯದ ಪರೀಕ್ಷೆ ಮಾಡಿ ಮುಗಿಸುತ್ತದೆ.

ಅದು ಕೇಳಿ ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ, "ನನಗೆ ವಯಸ್ಸು ಜಾಸ್ತಿ ಆಯ್ತಲ್ಲ ಮೇಡಂ?" ಅಂದ. ಆಗಿಲ್ಲ. 2022ರಿಂದ ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಆಯಿತು. ಎಷ್ಟು ಸಲ ಬೇಕಾದರೂ ಬರೆಯಬಹುದು. ಆದರೆ ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 27ಕ್ಕೆ ಸೇರಿದರೆ ಹೊರಗೆ ಬರುವಾಗ 32 ದಾಟುತ್ತದೆ. ಅಷ್ಟು ವರ್ಷ ಸಂಬಳ ಇಲ್ಲದೆ ಮನೆ ನಡೆಯುತ್ತದಾ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಲೇಬೇಕು. ಅವನ ಅಪ್ಪನ ಔಷಧಿ ಖರ್ಚನ್ನೂ ನಾವು ಸೇರಿಸಿ ಬರೆದೆವು.

ಇಷ್ಟೆಲ್ಲ ಆದಮೇಲೂ ಡಿಗ್ರಿ ಸೇರುತ್ತೇನೆ, ಜೊತೆಗೆ ನೀಟ್ ಬರೆಯುತ್ತೇನೆ ಅನ್ನುವವರಿಗೆ ನನ್ನ ಹತ್ತಿರ ಕ್ಯಾಲೆಂಡರಿನ ಹಿಂದಿನ ಹಾಳೆ ಇದೆ. ಅದರಲ್ಲಿ ಒಂದು ದಿನದ 24 ಗಂಟೆಯನ್ನು ಬರೆಸುತ್ತೇನೆ. ಕಾಪುವಿನಿಂದ ಮಂಗಳೂರಿಗೆ ದಿನಾ ಬಂದು ಹೋಗುವ ಒಬ್ಬ ಹುಡುಗಿ ಬರೆದದ್ದು ಹೀಗಿತ್ತು. ಕಾಲೇಜು 9ರಿಂದ 4, ಅಂದರೆ 7 ಗಂಟೆ. ಎಕ್ಸ್‌ಪ್ರೆಸ್ ಬಸ್ಸು, ನಡಿಗೆ, ಕಾಯುವುದು ಸೇರಿ ಎರಡೂ ಹೊತ್ತು 3 ಗಂಟೆ. ನಿದ್ದೆ 7. ಸ್ನಾನ, ಊಟ, ಮನೆ ಕೆಲಸ 2. ರೆಕಾರ್ಡ್, ಅಸೈನ್‌ಮೆಂಟ್ 2. ಒಟ್ಟು 21. ಉಳಿದದ್ದು ಮೂರೇ ಗಂಟೆ, ಅದೂ ರಾತ್ರಿ, ಬಸ್ಸಿನಲ್ಲಿ ನಿಂತು ಬಂದ ಕಾಲುನೋವಿನ ಜೊತೆ. ಇಂಟರ್ನಲ್ಸ್ ಇರುವ ವಾರ ಅದೂ ಇಲ್ಲ. ಮೇ ತಿಂಗಳ ಮೊದಲ ವಾರ ನೀಟ್, ಅದರ ಅಕ್ಕಪಕ್ಕದಲ್ಲೇ ಎಷ್ಟೋ ಸಲ ಸೆಮಿಸ್ಟರ್ ಪರೀಕ್ಷೆ. ಹಾಳೆಯಲ್ಲಿ ಬರೆದ ಮೇಲೆ ನಾನು ಬೇರೆ ಏನೂ ಹೇಳಬೇಕಾಗಿ ಬರಲಿಲ್ಲ.

ಡಿಗ್ರಿಗಳ ವಿಷಯಕ್ಕೆ ಬರೋಣ. ಎಲ್ಲವನ್ನೂ ಹೇಳುವುದಿಲ್ಲ, ನನ್ನ ಮುಂದೆ ಜಾಸ್ತಿ ಬರುವವನ್ನು ಮಾತ್ರ ಹೇಳುತ್ತೇನೆ.

ಸಾದಾ ಬಿಎಸ್ಸಿ ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ್ದಾಗಿದೆ. ಮುಂದೆ ಎಂಎಸ್ಸಿ ಮಾಡುವ ಮನಸ್ಸಿದ್ದರೆ, ಲ್ಯಾಬಿನಲ್ಲಿ ಕೂರುವುದು ಇಷ್ಟವಿದ್ದರೆ ಸೇರಿ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಹತ್ತಿರದಲ್ಲೇ ಇದೆ. ನೀಟ್‌ಗೋಸ್ಕರ ಸೇರಬೇಡಿ. ಯಾಕೆ ಅಂತ ಮೂಲ್ಕಿಯ ಹುಡುಗನ ಕತೆಯಲ್ಲಿ ಹೇಳಿದೆನಲ್ಲ.

ನರ್ಸಿಂಗ್, ಫಿಸಿಯೋಥೆರಪಿ, ಎಂಎಲ್‌ಟಿ (ಲ್ಯಾಬ್ ಪರೀಕ್ಷೆಯ ಓದು), ಆಪ್ಟೋಮೆಟ್ರಿ (ಕಣ್ಣಿನ ದೃಷ್ಟಿ ಪರೀಕ್ಷೆ), ಆಡಿಯಾಲಜಿ (ಕಿವಿ ಕೇಳಿಸುವುದರ ಪರೀಕ್ಷೆ): ನಮ್ಮ ಮಂಗಳೂರು, ಮಣಿಪಾಲದಲ್ಲಿ ಇವಕ್ಕೆ ಕಾಲೇಜುಗಳ ಕೊರತೆ ಇಲ್ಲ. ಒಳ್ಳೆಯ ಉದ್ಯೋಗ ಕೊಡುವ ಓದು. ಆದರೆ ಜೊತೆಗೆ ನೀಟ್ ಓದುವುದು ತುಂಬಾ ಕಷ್ಟ. ಬೆಳಿಗ್ಗೆ ಕ್ಲಾಸು, ಆಮೇಲೆ ಆಸ್ಪತ್ರೆಯಲ್ಲಿ ಪೋಸ್ಟಿಂಗ್. ನರ್ಸಿಂಗ್‌ನಲ್ಲಿ ಥಿಯರಿಗೆ 80 ಶೇಕಡಾ ಹಾಜರಿ ಬೇಕು, ಕ್ಲಿನಿಕಲ್ ಅಂತೂ ಡಿಗ್ರಿ ಸಿಗುವ ಮೊದಲು 100 ಶೇಕಡಾ ಮುಗಿಸಿರಬೇಕು. ಅರ್ಧ ಮನಸ್ಸಿನಲ್ಲಿ ರೋಗಿಯ ಹತ್ತಿರ ನಿಲ್ಲುವುದು ರೋಗಿಗೂ ಒಳ್ಳೆಯದಲ್ಲ. "ಡಾಕ್ಟರ್ ಆಗದಿದ್ದರೆ ನರ್ಸ್ ಆದರೂ ಆಗುತ್ತೇನೆ" ಅಂತ ಹೇಳುವವರಿಗೆ ನಾನು ಬೇಡ ಅನ್ನುತ್ತೇನೆ. "ನರ್ಸ್ ಕೆಲಸ ನನಗೆ ಇಷ್ಟ" ಅನ್ನುವವರಿಗೆ ನಾಳೆಯೇ ಸೇರು ಅನ್ನುತ್ತೇನೆ.

ಆ ಕಾಪುವಿನ ಹುಡುಗಿ ಎರಡನೇ ಗುಂಪಿನವಳು ಅಂತ ಆಮೇಲೆ ಗೊತ್ತಾಯಿತು. ಬಿಎಸ್ಸಿ ಮುಗಿಸಿದ ಮೇಲೆ ನೀಟ್ ಬಿಟ್ಟು, ಯೋಚನೆ ಮಾಡಿಯೇ ಎಂಎಲ್‌ಟಿ ಸೇರಿದಳು. ಸೇರುವ ಮೊದಲು ನಾನು ಅವಳಿಗೆ ಹೇಳಿದ್ದು ಇಷ್ಟೇ: "ಒಂದು ಲ್ಯಾಬಿನಲ್ಲಿ ಒಂದು ಇಡೀ ದಿನ ಕೂತು ನೋಡು." ಪರಿಚಯದವರ ಲ್ಯಾಬಿನಲ್ಲಿ ಬೆಳಿಗ್ಗೆ 7ರಿಂದ ಕೂತಳು. ರಕ್ತದ ಸ್ಯಾಂಪಲ್ ತೆಗೆಯುವುದು, ಸ್ಲೈಡ್ ಬಳಿಯುವುದು, ಬಣ್ಣ ಹಾಕುವುದು, ಮೈಕ್ರೋಸ್ಕೋಪಿನಲ್ಲಿ ಜೀವಕೋಶ ಎಣಿಸುವುದು ಎಲ್ಲ ನೋಡಿದಳು. ಸಂಜೆ ಫೋನು ಮಾಡಿ, "ಮೇಡಂ, ಊಟ ಮಾಡಿದ್ದೇ ನೆನಪಿಲ್ಲ" ಅಂದಳು. ಹೋದ ವರ್ಷ ನಾನು ಥೈರಾಯ್ಡ್ ಪರೀಕ್ಷೆಗೆ ಹೋದಾಗ ಸೂಜಿ ಹಿಡಿದು ಬಂದವಳು ಅವಳೇ. ನನ್ನ ರಕ್ತನಾಳ ಬೇಗ ಸಿಗುವುದಿಲ್ಲ, ಎರಡು ಮೂರು ಸಲ ಚುಚ್ಚಿಸಿಕೊಂಡು ಅಭ್ಯಾಸ. ಅವಳು ಬೆರಳ ತುದಿಯಿಂದ ಮೊಣಕೈ ಮಡಿಕೆಯನ್ನು ಮೆಲ್ಲಗೆ ಒತ್ತಿ ನೋಡಿ, ಒಂದೇ ಸಲಕ್ಕೆ ತೆಗೆದಳು. ನೀವು ಯಾವ ಡಿಗ್ರಿ ಆರಿಸಿದರೂ ಸರಿ, ಅದರ ಕೆಲಸ ನಡೆಯುವ ಜಾಗದಲ್ಲಿ ಒಂದು ದಿನ ಕೂತು ಬನ್ನಿ. ಪ್ರಾಸ್ಪೆಕ್ಟಸ್ ಓದುವುದಕ್ಕಿಂತ ಇದು ಒಳ್ಳೆಯದು.

ಬಿಡಿಎಸ್, ಆಯುರ್ವೇದ, ಹೋಮಿಯೋಪತಿಗೂ ನೀಟ್ ಬೇಕು. ಇವುಗಳಿಂದ ಎಂಬಿಬಿಎಸ್‌ಗೆ ನೇರ ಬಾಗಿಲು ಇದೆ ಅಂತ ಹೇಳಿ ಸೇರಿಸುವವರಿದ್ದಾರೆ. ಇಲ್ಲ. ಬಿಡಿಎಸ್ ಎರಡನೇ ವರ್ಷದಿಂದ ಎಂಬಿಬಿಎಸ್ ಎರಡನೇ ವರ್ಷಕ್ಕೆ ಹಾರುವ ವ್ಯವಸ್ಥೆ ನಮ್ಮಲ್ಲಿಲ್ಲ. ಮತ್ತೆ ನೀಟ್ ಬರೆದು ಮೊದಲ ವರ್ಷದಿಂದಲೇ ಶುರು ಮಾಡಬೇಕು. ಹಲ್ಲಿನ ವೈದ್ಯರಾಗಬೇಕು ಅಂತ ಇರುವವರು ಸಂತೋಷವಾಗಿ ಬಿಡಿಎಸ್ ಸೇರಲಿ. ಮೆಟ್ಟಿಲು ಅಂತ ಸೇರುವವರು ಐದು ವರ್ಷ ಮೆಟ್ಟಿಲ ಮೇಲೆಯೇ ಕೂರಬೇಕಾಗುತ್ತದೆ.

ಸಮಯ ಬೇಕು, ಆದರೆ ಮನೆಯವರಿಗೆ ಕೈಯಲ್ಲಿ ಒಂದು ಡಿಗ್ರಿ ನಡೆಯುತ್ತಿರಬೇಕು ಅನ್ನುವ ಹಾಗಿದ್ದರೆ ದೂರಶಿಕ್ಷಣ ನೋಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ, ಇಗ್ನೋ ಇದೆ. ದಿನಾ ಬಸ್ಸು ಹತ್ತುವುದಿಲ್ಲ, ಹಾಜರಿಯ ಚಿಂತೆ ಇಲ್ಲ. ಸೋಷಿಯಾಲಜಿಯಂಥ ವಿಷಯ ತೆಗೆದುಕೊಂಡರೆ ಮುಂದೆ ರೋಗಿಗಳ ಜೊತೆ ಮಾತಾಡುವಾಗಲೂ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ. 2022ರಿಂದ ಯುಜಿಸಿ, ಅಂದರೆ ವಿಶ್ವವಿದ್ಯಾನಿಲಯಗಳಿಗೆ ನಿಯಮ ಮಾಡುವ ಆಯೋಗ, ಎರಡು ಡಿಗ್ರಿಗಳನ್ನು ಒಟ್ಟಿಗೆ ಓದಲೂ ಅನುಮತಿ ಕೊಟ್ಟಿದೆ. ನೀಟ್‌ಗೆ ಓದುವವರು ಆ ಸಾಹಸಕ್ಕೆ ಹೋಗಬೇಡಿ.

ಕಾಗದ ಪತ್ರದ ಬಗ್ಗೆ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಬೇರೆ ಊರಿನ ಒಂದು ಕಾಲೇಜಿನಲ್ಲಿ ಎರಡನೇ ಡಿಗ್ರಿ ಸೇರಿದ್ದಳು. ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ಮೆಡಿಕಲ್ ಸೀಟು ಬಂತು. ಸೇರಲು ಇದ್ದದ್ದು ಕೆಲವೇ ದಿನ. ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳು ಕಾಲೇಜಿನ ಕಪಾಟಿನಲ್ಲಿ. ಬಾಕಿ ವರ್ಷಗಳ ಫೀಸೂ ಕಟ್ಟಿದರೆ ಮಾತ್ರ ಕೊಡುತ್ತೇವೆ ಅಂದರು. ಅವಳ ಅಮ್ಮ ಕೈಬಳೆ ಅಡವಿಟ್ಟು ಬಿಡಿಸಿಕೊಂಡು ಬಂದರು. ಮೂಲ ದಾಖಲೆ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಆದರೂ ಸೇರುವ ದಿನವೇ ಕೇಳಿ: "ಪರಿಶೀಲನೆ ಆದ ಮೇಲೆ ಒರಿಜಿನಲ್ ವಾಪಸ್ ಕೊಡುತ್ತೀರಾ? ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು?" ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಬರೆದು ಕೊಡುವುದಿಲ್ಲ ಅಂದರೆ ಆ ಬಾಗಿಲಿಂದ ಹಾಗೇ ಹೊರಗೆ ಬನ್ನಿ.

ಎರಡನೆಯದು ಕೌನ್ಸೆಲಿಂಗ್. ದೇರಳಕಟ್ಟೆಯಲ್ಲಿ ಒಂದೇ ರಸ್ತೆಯ ಆಸುಪಾಸಿನಲ್ಲಿ ಮೂರು ಮೆಡಿಕಲ್ ಕಾಲೇಜು ಇವೆ. ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ ಡೀಮ್ಡ್, ಅಂದರೆ ತಮ್ಮದೇ ವಿಶ್ವವಿದ್ಯಾನಿಲಯ ಇರುವವು, ಅವುಗಳ ಸೀಟು ಕೇಂದ್ರದ ಕೌನ್ಸೆಲಿಂಗ್ ಸಮಿತಿ, ದೆಹಲಿಯ ಎಂಸಿಸಿ ಮೂಲಕ. ಕಣಚೂರು ಸೀಟು ಕೆಇಎ ಮೂಲಕ. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ ಎರಡೂ ಎಂಸಿಸಿಗೆ ಸೇರಿದವು. ಫಾದರ್ ಮುಲ್ಲರ್, ಎ.ಜೆ. ಕೆಇಎಗೆ. ಒಂದು ಕಡೆ ಮಾತ್ರ ಹೆಸರು ನೋಂದಾಯಿಸಿ ಇನ್ನೊಂದನ್ನು ಮರೆತವರು ಪ್ರತಿ ವರ್ಷ ಸಿಗುತ್ತಾರೆ. ಎರಡೂ ಕಡೆ ನೋಂದಾಯಿಸಿ. ನಮ್ಮ ಮಂಗಳೂರು, ಉಡುಪಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇಲ್ಲ. ಡೀಮ್ಡ್‌ನಲ್ಲಿ ಫೀಸು ವರ್ಷಕ್ಕೆ ಲಕ್ಷಗಟ್ಟಲೆ. ಅದಕ್ಕೇ ಕಾರವಾರ, ಶಿವಮೊಗ್ಗ, ಮಡಿಕೇರಿ, ಹಾಸನದ ಸರಕಾರಿ ಕಾಲೇಜುಗಳನ್ನು ಪಟ್ಟಿಯಲ್ಲಿ ಮೇಲೆ ಹಾಕಿ. "ಮನೆಯಿಂದ ದೂರ" ಅಂತ ಬಿಡಬೇಡಿ.

ಅಮೆರಿಕದ ವಿಷಯವೇ ಬೇರೆ. ಅಲ್ಲಿ ನೆಂಟರಿರುವ ಮನೆ ನಮ್ಮ ಕಡೆ ಜಾಸ್ತಿ, ಹಾಗಾಗಿ ಇದೂ ಹೇಳುತ್ತೇನೆ. ಅಲ್ಲಿ ಮೆಡಿಕಲ್ ಸೇರುವವರು ಮೊದಲು ಒಂದು ಡಿಗ್ರಿ ಮಾಡಿರುತ್ತಾರೆ, ಆ ಡಿಗ್ರಿಯ ಅಂಕಕ್ಕೂ ಬೆಲೆ ಇದೆ. ಜೊತೆಗೆ ಎಂಕ್ಯಾಟ್ ಅನ್ನುವ ಪರೀಕ್ಷೆ, ಅಂಕ 472ರಿಂದ 528ರವರೆಗೆ. ಅಲ್ಲೇ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ಕಂಪ್ಯೂಟರ್ ಸಯನ್ಸ್ ಡಿಗ್ರಿ ಮಾಡಿ ಆಮೇಲೆ ಡಾಕ್ಟರ್ ಆಗಬೇಕು ಅಂದಳು. ಜಿಪಿಎ, ಅಂದರೆ ಎಲ್ಲ ಕೋರ್ಸುಗಳ ಸರಾಸರಿ ಅಂಕ, 4ಕ್ಕೆ ಸರಿಯಾಗಿ 3. "ಚಿಕ್ಕಮ್ಮ, ಇನ್ನೊಂದು ಡಿಗ್ರಿ ಬಯಾಲಜಿಯಲ್ಲಿ ಮಾಡಲಾ?" ಅಂತ ಕೇಳಿದಳು. ನಾವಿಬ್ಬರೂ ವಿಡಿಯೋ ಕಾಲ್‌ನಲ್ಲಿ ಕೂತು ಲೆಕ್ಕ ಹಾಕಿದೆವು. ಕ್ರೆಡಿಟ್ ಅಂದರೆ ಒಂದೊಂದು ಕೋರ್ಸಿಗೆ ಕೊಡುವ ತೂಕ. 120 ಕ್ರೆಡಿಟ್‌ಗೆ ಸರಾಸರಿ 3 ಅಂದರೆ 360 ಪಾಯಿಂಟ್. ಇನ್ನೂ 30 ಕ್ರೆಡಿಟ್ ಓದಿ ಎಲ್ಲದರಲ್ಲೂ 4 ತೆಗೆದರೆ 480 ಭಾಗಿಸು 150, ಅಂದರೆ 3.2. ಇನ್ನೂ 60 ಕ್ರೆಡಿಟ್ ಓದಿ ಎಲ್ಲದರಲ್ಲೂ 4 ತೆಗೆದರೂ 3.33. ಇಷ್ಟು ನಿಧಾನವಾಗಿ ಏರುವ ಅಂಕಕ್ಕೆ ಪೂರ್ತಿ ಡಿಗ್ರಿಯ ಫೀಸು ಯಾಕೆ?

ಅಲ್ಲಿ ಬೇಕಾದ್ದು ಕೆಲವು ಕೋರ್ಸುಗಳು. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಲ್ಯಾಬ್ ಸಮೇತ, ಜೊತೆಗೆ ಬಯೋಕೆಮಿಸ್ಟ್ರಿ. ಡಿಗ್ರಿ ಮುಗಿಸಿದವರು ಇವಿಷ್ಟನ್ನೇ ಓದುವ ದಾರಿಗೆ ಪೋಸ್ಟ್‌ಬ್ಯಾಕ್ ಅನ್ನುತ್ತಾರೆ. ಅದರ ಅಂಕವೂ ಡಿಗ್ರಿ ಅಂಕದ ಲೆಕ್ಕಕ್ಕೇ ಸೇರುತ್ತದೆ. ಬಯಾಲಜಿಯಲ್ಲೇ ಡಿಗ್ರಿ ಇರಬೇಕು ಅನ್ನುವ ನಿಯಮ ಅಲ್ಲಿಲ್ಲ, ಇತಿಹಾಸ ಓದಿದವರೂ ಸೇರುತ್ತಾರೆ. ಅವಳು ಡಿಗ್ರಿ ಬಿಟ್ಟು ಕೋರ್ಸುಗಳನ್ನು ಹಿಡಿದಳು.

ಆದರೆ ಇಲ್ಲಿ ಬಿಎಸ್ಸಿ ಮುಗಿಸಿ ಅಲ್ಲಿ ಮೆಡಿಕಲ್ ಸೇರುವ ಕನಸು ಇರುವವರಿಗೆ ಮಾತು ಬದಲಾಗುತ್ತದೆ. ಅಲ್ಲಿನ ಅರ್ಜಿ ವ್ಯವಸ್ಥೆ ನಮ್ಮ ವಿಶ್ವವಿದ್ಯಾನಿಲಯಗಳ ಅಂಕವನ್ನು ಜಿಪಿಎ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಮೆಡಿಕಲ್ ಸ್ಕೂಲುಗಳು ಅಮೆರಿಕ ಅಥವಾ ಕೆನಡಾದಲ್ಲೇ ಓದಿದ ಕೋರ್ಸು ಕೇಳುತ್ತವೆ. ಹಾಗಾಗಿ ಎರಡನೇ ಡಿಗ್ರಿಗೆ ನಿಜವಾದ ಅರ್ಥ ಬರುವ ಜಾಗ ಇದೊಂದೇ. ಆದರೆ ಖರ್ಚು ತುಂಬಾ. ಮೇಲಾಗಿ ಹೊರದೇಶದವರನ್ನು ಸೇರಿಸಿಕೊಳ್ಳದ ಮೆಡಿಕಲ್ ಸ್ಕೂಲುಗಳೇ ಅಲ್ಲಿ ಜಾಸ್ತಿ. ಸಾಲ ತೆಗೆಯುವ ಮೊದಲು, ಹೊರದೇಶದವರನ್ನು ತೆಗೆದುಕೊಳ್ಳುವ ಸ್ಕೂಲುಗಳು ಯಾವುವು ಅಂತ ಒಂದೊಂದನ್ನೇ ನೋಡಿ ಪಟ್ಟಿ ಬರೆಯಿರಿ. ಪಟ್ಟಿ ಎಷ್ಟು ಚಿಕ್ಕದು ಅಂತ ಅಪ್ಪ ಅಮ್ಮನಿಗೂ ತೋರಿಸಿ. ಬೇರೆ ಯಾವ ದೇಶದಲ್ಲಿ ಓದಿದರೂ ಮರಳಿ ಬಂದು ಇಲ್ಲಿ ವೈದ್ಯರಾಗುವ ಯೋಚನೆ ಇದ್ದರೆ, ಹೋಗುವ ಮೊದಲು ನೀಟ್ ಕ್ವಾಲಿಫೈ ಆಗಿರಬೇಕು ಅನ್ನುವುದನ್ನೂ ಮರೆಯಬೇಡಿ.

ಕಿನ್ನಿಗೋಳಿ ಹುಡುಗ ಅವತ್ತು ಪ್ರಾಸ್ಪೆಕ್ಟಸನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದ. ಮುಂದಿನ ಭಾನುವಾರ ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ರೂಲ್ಡ್ ಹಾಳೆ, ಕೆಂಪು ಪೆನ್ನಿನಲ್ಲಿ ಮೂರು ಸಾಲು. ಫಿಸಿಕ್ಸ್ 138, ಕೆಮಿಸ್ಟ್ರಿ 96, ಬಯಾಲಜಿ 360ಕ್ಕೆ 41. ಎಂಟು ವರ್ಷದ ಹಿಂದೆ ಪಿಯುಸಿ ಬರೆದವನಿಗೆ ಫಿಸಿಕ್ಸ್ ಇಷ್ಟು ಉಳಿದಿದೆ! ಅವನಿಗೆ ಇಲ್ಲದಿರುವುದು ನನಗೆ ಕಲಿಸಲು ಬರುವ ವಿಷಯ. ಕೆಲಸ ಸದ್ಯಕ್ಕೆ ಬಿಡಬೇಡ, ಎನ್‌ಐಒಎಸ್ ಫಾರಂ ತುಂಬು, ಶನಿವಾರ ಊರಿಗೆ ಬಂದಾಗ ಇತ್ತ ಬಾ ಅಂದಿದ್ದೇನೆ. 11ನೇ ತರಗತಿಯ ಬಯಾಲಜಿ ಪುಸ್ತಕ ತರುತ್ತಾನಂತೆ. ಜೀವಕೋಶದ ಪಾಠದಿಂದ ಶುರು ಮಾಡುತ್ತೇವೆ.